ಆಕಾಶಕ್ಕೆ ಏಣಿ

ಕೈಗೂಡದ ಕೆಲಸಕ್ಕೆ ಹೊರಟವನನ್ನು ಕಂಡು ‘ಆಕಾಶಕ್ಕೆ ಏಣಿ ಹಾಕುತ್ತಾನೆ’ ಎಂದು ನಮ್ಮ ಹಿರಿಯರು ಹಾಸ್ಯಮಾಡುವುದುಂಟು. ಆದರೆ ಅಂಥ ಏಣಿಯನ್ನು ಕುರಿತೇ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಗಂಭೀರವಾದ ವಿಚಾರ ನಡೆದುಬಂದಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು. ‘ಅಂತರಿಕ್ಷದ ಲಿಫ್ಟು’ ಎನ್ನಿಸಿಕೊಂಡಿರುವ ಈ ಯೋಜನೆ ಎಷ್ಟು ದೂರ ಬಂದಿದೆ, ಎಲ್ಲಿ ತಡೆದು ನಿಂತಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ರಾಕೆಟ್ಟಿರುವಾಗ ಏಣಿ ಏತಕ್ಕೆ? ನೆಲ ಬಿಡುವಾಗ ರಾಕೆಟ್ಟಿನ ತೂಕದಲ್ಲಿ ಬಹುಪಾಲು ಇಂಧನವೇ. ಅದು ಒಯ್ಯುವ ಸಾಮಾನು ನೂರಕ್ಕೆ ಕೆಲವೇ ಪಾಲು. ಇಂಧನವನ್ನು ಹೊರುವುದಕ್ಕೇ ಹೆಚ್ಚು ಇಂಧನ ಖರ್ಚಾಗುತ್ತದೆ. ಹಗ್ಗವೊಂದಿದ್ದರೆ ಅದನ್ನು ಹಿಡಿದು ಏರುವ ವಾಹನಕ್ಕೆ ಈ ಹೊರೆಯಿಲ್ಲ.

1895ರಲ್ಲಿ ರಷ್ಯದ ತ್ಸಿಯೊಲ್ಕೊವ್‌ಸ್ಕಿ ಎಂಬ ವಿದ್ವಾಂಸನು ಪ್ಯಾರಿಸ್ಸಿನ ಐಫೆಲ್ ಗೋಪುರದಿಂದ ಸ್ಫೂರ್ತಿಗೊಂಡು ಅಂತರಿಕ್ಷದವರೆಗೆ ಏರುವ ಗೋಪುರವನ್ನು ಕಲ್ಪಿಸಿದನು. ಆದರೆ ನೆಲದಿಂದ ಕಟ್ಟಿಕೊಂಡು ಹೋದ ಗೋಪುರದ ಬುಡವು ಮೇಲಿನ ಭಾರಕ್ಕೆ ನಜ್ಜುಗುಜ್ಜಾಗದೆ ಉಳಿಯದು. 1960ರಲ್ಲಿ ಲೆನಿನ್‌ಗ್ರಾಡಿನ ಎಂಜಿನಿಯರ್ ಯೂರಿ ಅರ್ತ್ಸುತಾನೊವ್ ಈ ವಿಚಾರವನ್ನು ತಲೆಕೆಳಗು ಮಾಡಿದನು: ಕೆಳಗಿನಿಂದ ಕಟ್ಟುವುದು ಬೇಡ, ಮೇಲಿನಿಂದ ಇಳಿಬಿಡೋಣ! ಅಮೆರಿಕದ ಜೆರೋಮ್ ಪಿಯರ್ಸನ್ 1975ರಲ್ಲಿ ಸ್ವತಂತ್ರವಾಗಿ ಇದೇ ತೀರ್ಮಾನಕ್ಕೆ ಬಂದು ವಿವರವಾದ ಲೆಕ್ಕವನ್ನು ಪ್ರಕಟಿಸಿದನು.

ಇಳಿಬಿಡುವುದು ಎಲ್ಲಿಂದ? ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯ ಆವರ್ತನೆಗೆ ಸರಿಸಮನಾಗಿ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತಂತೆ ತೋರುತ್ತದೆ. ನಮ್ಮ ಹಾಸನದ ಕೇಂದ್ರದಿಂದ ನಿಯಂತ್ರಿಸಲ್ಪಡುವ ಉಪಗ್ರಹಗಳಲ್ಲಿ ಅನೇಕವು ಈ ಬಗೆಯವು. ಅಲ್ಲಿಂದ ಹಗ್ಗವನ್ನು ಕೆಳಕ್ಕೂ ಮೇಲಕ್ಕೂ ಒಟ್ಟಿಗೆ ಬಿಡುತ್ತ ಹೋದರೆ, ಕೆಳಭಾಗವನ್ನು ಗುರುತ್ವಾಕರ್ಷಣೆ ನೆಲಕ್ಕೆಳೆಯುತ್ತದೆ. ಮೇಲ್ಭಾಗವನ್ನು ಸುತ್ತುವಿಕೆಯ ವೇಗ ಹೊರಕ್ಕೆಳೆಯುತ್ತದೆ. ತ್ರಿಶಂಕುವನ್ನು ನಡುವೆ ನಿಲ್ಲಿಸಿದ್ದು ವಿಶ್ವಾಮಿತ್ರನ ತಪೋಬಲ. ಈ ಹಗ್ಗವನ್ನು ನಿಲ್ಲಿಸುವುದು ಈ ಎರಡು ಸೆಳೆತಗಳ ಸಮತೋಲ.

ಇಷ್ಟರವರೆಗೆ ಗಣಿತಕ್ಕೆ ಅಡ್ಡಿಯಿಲ್ಲ. ಅಡ್ಡಿಯಿರುವುದು ಹಗ್ಗದಲ್ಲಿ. ಯಾವ ತಂತಿಯನ್ನೇ ಆಗಲಿ ಎತ್ತರದಿಂದ ಇಳಿಬಿಟ್ಟು ಉದ್ದಮಾಡುತ್ತ ಹೋದರೆ, ಒಂದು ಹಂತದಲ್ಲಿ ಅದು ತನ್ನ ಭಾರಕ್ಕೆ ತಾನೇ ಕಡಿಯುತ್ತದೆ. ಉತ್ತಮ ಉಕ್ಕಿನ ತಂತಿಗೆ ಈ ಮಿತಿ ಕೆಲವು ಹತ್ತು ಕಿಲೋಮೀಟರುಗಳು. ಒಂದೇ ದಪ್ಪದ ಅಂತರಿಕ್ಷದ ಹಗ್ಗಕ್ಕೋ, ಮೇಲೇರಿದಂತೆ ಆಕರ್ಷಣೆ ಕಡಿಮೆಯಾಗುವುದನ್ನು ಲೆಕ್ಕಕ್ಕೆ ಹಿಡಿದರೂ, ಸುಮಾರು 4,900 ಕಿಲೋಮೀಟರು ಬೇಕು! ಹಗ್ಗವನ್ನು ಮೇಲಕ್ಕೆ ಹೋದಂತೆ ದಪ್ಪಮಾಡಿದರೆ ಪರಿಹಾರವುಂಟು. ಆದರೆ ಕೆವ್ಲಾರ್ ಎಂಬ ಗಟ್ಟಿ ನೂಲಿನಿಂದ ಹೊಸೆದರೂ, ನೆಲದ ಬಳಿ ಇದ್ದ ಹಗ್ಗದ ಅಡ್ಡಕೊಯ್ತವು ಮೇಲೆ ಇಪ್ಪತ್ತು ಕೋಟಿ ಪಟ್ಟಿಗೂ ಹೆಚ್ಚಾಗಬೇಕಾಗುತ್ತದೆ.

1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ಇಂಗಾಲದ ನ್ಯಾನೋ ನಳಿಕೆಗಳನ್ನು ಕುರಿತು ಪ್ರಕಟಿಸಿದ ಲೇಖನ ಈ ಕ್ಷೇತ್ರಕ್ಕೆ ಹೊಸ ಜೀವ ಕೊಟ್ಟಿತು. ದೋಷವಿಲ್ಲದ ನಳಿಕೆಯಿಂದ ಹೊಸೆದರೆ ಹಗ್ಗದ ಮೇಲ್ಭಾಗವು ಕೆಳಭಾಗದ ಎರಡು ಪಟ್ಟು ದಪ್ಪವಾದರೂ ಸಾಕು. ಈ ಭರವಸೆಯ ಮೇಲೆಯೇ ಬ್ರಾಡ್ಲಿ ಎಡ್ವರ್ಡ್ಸ್ ಎಂಬಾತನು ನಾಸಾ ಸಂಸ್ಥೆಯ ಧನಸಹಾಯದಿಂದ ಒಂದು ಲಕ್ಷ ಕಿಲೋಮೀಟರ್ ಉದ್ದದ ಪಟ್ಟಿಯೊಂದರ ಯೋಜನೆಯನ್ನು ಸಿದ್ಧಪಡಿಸಿದನು. 2009ರಲ್ಲಿ ಲೇಸರ್‌ಮೋಟಿವ್ ತಂಡದ ಯಂತ್ರವು, ಹೆಲಿಕಾಪ್ಟರಿನಿಂದ ತೂಗುಬಿಟ್ಟ 900 ಮೀಟರ್ ತಂತಿಯನ್ನು ನೆಲದಿಂದ ಬಂದ ಲೇಸರ್ ಕಿರಣದ ಶಕ್ತಿಯಿಂದಲೇ ಏರಿ, ಒಂಬತ್ತು ಲಕ್ಷ ಡಾಲರುಗಳ ಬಹುಮಾನವನ್ನು ಗಳಿಸಿತು. 2012ರಲ್ಲಿ ಜಪಾನಿನ ಒಬಯಾಶಿ ಸಂಸ್ಥೆಯು 96,000 ಕಿಲೋಮೀಟರ್ ಉದ್ದದ ಹಗ್ಗವನ್ನು 2050ರ ಹೊತ್ತಿಗೆ ನಿರ್ಮಿಸುವ ಕಲ್ಪನೆಯನ್ನು ಪ್ರಕಟಿಸಿತು.

ಆದರೆ ನೂಲೆಲ್ಲಿ? 2013ರಲ್ಲಿ ಚೀನದ ತ್ಸಿಂಗ್‌ಹ್ವಾ ವಿಶ್ವವಿದ್ಯಾನಿಲಯದವರು ಬೆಳೆಸಿದ ಅತ್ಯಂತ ಉದ್ದನೆಯ ನಳಿಕೆಯ ಅಳತೆ ಅರ್ಧ ಮೀಟರು ಮಾತ್ರ. ನಳಿಕೆಯಲ್ಲಿ ಪರಮಾಣುಗಳ ಜೋಡಣೆ ಒಂದೆಡೆ ತಪ್ಪಿದರೂ ಅದರ ಬಲ ಕುಗ್ಗುತ್ತದೆ. ಜೊತೆಗೆ ಬೇರೆ ಕಂಟಕಗಳೂ ಇವೆ. ಭೂಮಿಯನ್ನು ಸುತ್ತುವ ಪ್ರತಿಯೊಂದು ಉಪಗ್ರಹವೂ, ಚೂರುಪಾರೂ ಭೂಮಧ್ಯರೇಖೆಯನ್ನು ಹಾಯಲೇಬೇಕಾದುದರಿಂದ ಎಂದಾದರೊಂದು ದಿನ ಹಗ್ಗಕ್ಕೆ ತಾಗುವ ಅಪಾಯವುಂಟು. ಗಂಟೆಗೆ 200 ಕಿಲೋಮೀಟರ್ ವೇಗದಿಂದ ಏರಿದರೂ ಭೂಸ್ಥಿರ ಕಕ್ಷೆಗೆ ಏಳು ದಿನಗಳ ಮೇಲೆ ಬೇಕು. ಆ ದಾರಿಯಲ್ಲಿ ತೀವ್ರ ವಿಕಿರಣದ ವಲಯಗಳನ್ನು ದಾಟಬೇಕು.

ಕಲಾ ವಿಭಾಗದವರಾದ ನಮಗೆ ಮತ್ತೊಂದು ಪ್ರಶ್ನೆಯೂ ಮುಖ್ಯವಾದುದು: ಏಣಿ ಯಾರದು? ಅದರ ಬುಡ ಊರಬೇಕಾದುದು ಭೂಮಧ್ಯರೇಖೆಯ ಆಸುಪಾಸಿನಲ್ಲಿ. ಹಣ, ಯಂತ್ರಗಳು ಇರುವುದು ಬಹುಮಟ್ಟಿಗೆ ಬೇರೆಡೆ. 1967ರ ಅಂತರಿಕ್ಷ ಒಪ್ಪಂದದ ಪ್ರಕಾರ ಅಂತರಿಕ್ಷವನ್ನು ಯಾವ ರಾಷ್ಟ್ರವೂ ತನ್ನದೆನ್ನುವಂತಿಲ್ಲ. ಆದರೂ 1976ರಲ್ಲಿ ಭೂಮಧ್ಯರೇಖೆಯ ಕೆಲವು ರಾಷ್ಟ್ರಗಳು ಬೊಗೋಟಾದಲ್ಲಿ ಸೇರಿ, ತಮ್ಮ ನೆತ್ತಿಯ ಮೇಲಿನ ಭೂಸ್ಥಿರ ಕಕ್ಷೆ ತಮ್ಮದೆಂದು ಘೋಷಿಸಿದವು. ಅವರ ವಾದವನ್ನು ಜಗತ್ತು ಒಪ್ಪಲಿಲ್ಲ. ಅದರ ಹಿಂದಿದ್ದ ಅಂಜಿಕೆ ಮಾತ್ರ ಸುಳ್ಳಲ್ಲ. ಊರಿಗೆ ಒಂದೇ ಬಾವಿಯಿದ್ದರೆ, ಹಗ್ಗ ಯಾರ ಕೈಯಲ್ಲಿರುತ್ತದೆಯೋ ನೀರೂ ಅವರದೇ ಆಗುವುದನ್ನು ನಾವು ಬಲ್ಲೆವು.

ಹೀಗೆ ನೋಡಿದರೆ ಈ ಏಣಿ ಅಸಾಧ್ಯವೆಂದು ನಗತಕ್ಕದ್ದಲ್ಲ. ನಾಳೆಯೇ ಸಿದ್ಧವೆಂದು ನಂಬತಕ್ಕದ್ದೂ ಅಲ್ಲ. ಬೇಕಾದುದು ಒಂದು ಲಕ್ಷ ಕಿಲೋಮೀಟರು, 2013ರ ದಾಖಲೆ ಅರ್ಧ ಮೀಟರು. ಈ ಅಂತರವನ್ನು ತುಂಬುವ ಕೆಲಸ ಪ್ರಯೋಗಶಾಲೆಯದು. ತುಂಬಿದ ದಿನ ಆ ಏಣಿಯನ್ನು ಎಲ್ಲರೂ ಏರುವಂತೆ ನ್ಯಾಯದ ಕಟ್ಟಳೆಯನ್ನು ಮೊದಲೇ ಸಿದ್ಧಪಡಿಸಿಡುವ ಕೆಲಸ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುವವರದು. ಅದಕ್ಕೆ ನೂಲು ಸಿಕ್ಕುವವರೆಗೆ ಕಾಯಬೇಕಾಗಿಲ್ಲ.