ಹೊಡೆದು ಹಾಕು ಎಂದ ರೀಡಿಂಗ್

ನಾನು ರಸಾಯನಶಾಸ್ತ್ರ ಕಲಿಸುವ ವಿಭಾಗಕ್ಕೆ ಹಾವೇರಿ, ರಾಣೆಬೆನ್ನೂರು ಕಡೆಯ ಮಕ್ಕಳು ಬಹಳ ಬರುತ್ತಾರೆ. ಒಂದು ವರ್ಷ ಬ್ಯಾಡಗಿ ಹತ್ತಿರದ ಹಳ್ಳಿಯ ಹುಡುಗಿಯೊಬ್ಬಳು ಎಂ.ಎಸ್‌ಸಿ. ಪ್ರಾಜೆಕ್ಟಿಗೆ ಮೆಣಸಿನಕಾಯಿಯ ಬಣ್ಣವನ್ನೇ ಆರಿಸಿಕೊಂಡಳು. ಅವಳ ತಾಯಿ ಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದರು.

2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್. ಬಣ್ಣ ಅಳೆಯಲು ಮಸಾಲೆ ವ್ಯಾಪಾರದಲ್ಲಿ ಬಳಸುವುದು ಆಸ್ಟಾ ವಿಧಾನ. ಸುಮಾರು 0.1 ಗ್ರಾಂ ಪುಡಿಯನ್ನು 100 ಮಿ.ಲೀ. ಅಸಿಟೋನಿನಲ್ಲಿ ಹಾಕಿ 16 ಗಂಟೆ ಕತ್ತಲಲ್ಲಿ ಇಡಬೇಕು. ಆಮೇಲೆ 460 ನ್ಯಾನೊಮೀಟರಿನಲ್ಲಿ ಅದು ಎಷ್ಟು ಬೆಳಕು ಹೀರುತ್ತದೆಂದು ನೋಡಿ, 16.4ರಿಂದ ಗುಣಿಸಿ, ತೂಕದಿಂದ ಭಾಗಿಸಬೇಕು. ಉಪಕರಣದ ತಿದ್ದುಪಡಿಯನ್ನೂ ಸೇರಿಸಬೇಕು.

ಒಂದೇ ಚೀಲದ ಪುಡಿಗೆ ಅವಳಿಗೆ ಸಿಕ್ಕಿದ್ದು 151, 149, 128. ವರದಿ ಕೊಡುವ ದಿನ ಹತ್ತಿರ ಬಂದಿತ್ತು. "ಮೂರನೇದು ತಪ್ಪೈತಿ, ಹೊಡೆದು ಹಾಕು" ಅಂದೆ. ನಾನು ಕಲಿತು ಬಂದದ್ದೂ ಹಾಗೇ. ಟೈಟ್ರೇಷನ್ನಿನಲ್ಲಿ ಹೊಂದದ ರೀಡಿಂಗ್ ನಮ್ಮ ಫೇರ್ ರೆಕಾರ್ಡಿಗೆ ಹೋಗುತ್ತಲೇ ಇರಲಿಲ್ಲ.

ಅವಳು ಹೊಡೆದು ಹಾಕಲಿಲ್ಲ. ರಫ್ ರೆಕಾರ್ಡ್ ತೆರೆದು ನನ್ನ ಮುಂದಿಟ್ಟಳು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದಳು: "ಕಪಾಟಿನಲ್ಲಿ ಜಾಗ ಇರಲಿಲ್ಲ. ಫ್ಲಾಸ್ಕ್ ಕಿಟಕಿ ಕಟ್ಟೆಯ ಮೇಲೆ."

"ಸರ್, ಬಿಸಿಲಿಗೆ ಭಾಳ ದಿನ ಬಿಟ್ರ ಕಾಯಿ ಬಣ್ಣ ಹಾರತೈತಿ ಅಂತಾಳ್ರೀ ನಮ್ಮವ್ವ. ಇಲ್ಲೂ ಹಂಗ ಆಗಿರಬೇಕ್ರೀ."

ಅವತ್ತೇ ಸಂಜೆ ಆರು ಫ್ಲಾಸ್ಕ್ ಸಿದ್ಧ ಮಾಡಿದೆವು. ಮೂರು ಕಪಾಟಿನೊಳಗೆ, ಮೂರು ಪೂರ್ವದ ಕಿಟಕಿಯಲ್ಲಿ. ಮರುದಿನ ಬಿಸಿಲೇರಿದ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಉಪಕರಣದ ಅಗತ್ಯವೇ ಇರಲಿಲ್ಲ. ಕಿಟಕಿಯವು ಕಣ್ಣಿಗೇ ಮಂಕಾಗಿ ಕಾಣುತ್ತಿದ್ದವು. ಕ್ಯಾಪ್ಸಾಂಥಿನ್ನಿಗೆ ಬಣ್ಣ ಬರುವುದು ಅದರ ಅಣುವಿನ ಉದ್ದಕ್ಕೂ ಒಂದು ಬಿಟ್ಟು ಒಂದರಂತೆ ಸಾಲಾಗಿರುವ ಜೋಡಿ ಬಂಧಗಳಿಂದ. ಬೆಳಕು, ಆಮ್ಲಜನಕ ಸೇರಿ ಆ ಸಾಲನ್ನು ಮುರಿದರೆ ಕೆಂಪು ಹೋಗುತ್ತದೆ. ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳಲ್ಲಿ ಚೀಲಗಳನ್ನು ತಂಪಿನಲ್ಲಿ, ಕತ್ತಲಲ್ಲಿ ಇಟ್ಟಾಗ ಬಣ್ಣ ಉಳಿಯುವುದರ ಗುಟ್ಟೂ ಇದೇ.

128 ತಪ್ಪು ರೀಡಿಂಗ್ ಆಗಿರಲಿಲ್ಲ. ಆ ಫ್ಲಾಸ್ಕಿಗೆ ಏನಾಗಿತ್ತೋ ಅದನ್ನೇ ಹೇಳಿತ್ತು. ನನ್ನ ಮಾತು ಕೇಳಿದ್ದರೆ ಅವಳ ಪ್ರಾಜೆಕ್ಟಿನ ಮುಖ್ಯ ಅಧ್ಯಾಯವೇ ಹೊಡೆದು ಹೋಗುತ್ತಿತ್ತು. ಅದಕ್ಕಿಂತ ನೋವಾದದ್ದು ಬೇರೆ. ಹೊಂದುವ ಉತ್ತರಕ್ಕೆ ಮಾತ್ರ ಅಂಕ ಕೊಡುತ್ತ, ಕಂಡದ್ದನ್ನು ಮುಚ್ಚಿಡುವುದನ್ನು ಇಷ್ಟು ವರ್ಷ ಮಕ್ಕಳಿಗೆ ನಾನೇ ಕಲಿಸಿದ್ದೆ.

ಈಗ ನನ್ನ ಲ್ಯಾಬಿನಲ್ಲಿ ಮೊದಲು ನೋಡುವುದು ರಫ್ ರೆಕಾರ್ಡನ್ನೇ. ಹೊಂದದ ರೀಡಿಂಗನ್ನು ಹಾಗೇ ಉಳಿಸಿ, ಅವತ್ತು ಏನು ಬೇರೆ ಆಗಿತ್ತೆಂದು ಪಕ್ಕದಲ್ಲಿ ಬರೆದವರಿಗೆ ಅಂಕವಿದೆ. ಹೊಸದಾಗಿ ಬಂದ ಮಕ್ಕಳಿಗೆ ಮೊದಲ ದಿನ ಪೆನ್ಸಿಲ್ಲಿನ ಆ ಒಂದು ಸಾಲನ್ನು ಓದಿ ಹೇಳುತ್ತೇನೆ.