ಬಳ್ಳಾರಿ ಗುಡ್ಡದ ಮೇಲೊಂದು ಸರ್ವೇ ಪಾಠ

ಬಾಡಿಗೆ ಕಾರು, ಊರು ಬಲ್ಲ ಗೈಡ್ ಸಿಕ್ಕರೆ ಬಳ್ಳಾರಿ, ಕುರುಗೋಡು, ಸಿರುಗುಪ್ಪ ಒಂದೇ ದಿನದ ಸುತ್ತಾಟ. ಬಿಸಿಲೇರೋ ಮೊದಲೇ ನಾವು ಬಳ್ಳಾರಿ ಗುಡ್ಡ ಹತ್ತೋಣ.

ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯದು. ಎದುರಿನ ಕುಂಬಾರಗುಡ್ಡ ಕೋಟೆಗಿಂತ ಎತ್ತರ ಅನ್ನೋದನ್ನ ಹೈದರನ ಫ್ರೆಂಚ್ ಎಂಜಿನಿಯರ್ ಗಮನಿಸಲಿಲ್ಲ, ಅದಕ್ಕೇ ಅವನನ್ನು ಗಲ್ಲಿಗೇರಿಸಿದರು ಅಂತ ಗೈಡ್ ಹೇಳ್ತಾರೆ. ಇದು ಐತಿಹ್ಯ. ಆದರೂ ಲೆಕ್ಕ ಸರಿ: ಶತ್ರುವಿನ ತೋಪಿಗೆ ಎತ್ತರ ಸಿಕ್ಕರೆ ಗೋಡೆ ಎಷ್ಟು ದಪ್ಪ ಇದ್ದರೇನು, ಕೋಟೆಯ ಒಳಗೆಲ್ಲ ಬಯಲೇ. ಕತೆ ಕೇಳಿ ಸುಮ್ಮನಾಗೋದು ಬೇಡ. ಫೋನಿನ ಕ್ಲೈನೋಮೀಟರ್ ಆಪ್ ತೆರೆದು ಕುಂಬಾರಗುಡ್ಡದ ತುದಿಗೆ ಹಿಡಿಯೋಣ. ಕೋನ ಪ್ಲಸ್ಸೋ ಮೈನಸ್ಸೋ?

ಕುರುಗೋಡಲ್ಲಿ ದೊಡ್ಡಬಸವೇಶ್ವರನ ದರ್ಶನ; ಸುಮಾರು 12 ಅಡಿಯ ಏಕಶಿಲಾ ನಂದಿ. ಸಿರುಗುಪ್ಪಕ್ಕೆ ಮಧ್ಯಾಹ್ನ ಸಾಕು: ತುಂಗಭದ್ರೆ, ಕಣ್ಣು ಹರಿದಷ್ಟು ಭತ್ತದ ಗದ್ದೆ.