ಟೆಂಪೋ ಜಾರುತ್ತಿದೆಯಾ? ಮೊದಲು ಅಳೆಯಿರಿ, ಆಮೇಲೆ ಮುಟ್ಟಿ

ಎರಡೂ ಡೆಕ್‌ನಲ್ಲಿ 120 ಬಿಪಿಎಂ ಕಾಣುತ್ತಿದೆ. ಹದಿನಾರು ಬಾರ್‌ವರೆಗೆ ಕಿಕ್ ಮೇಲೆ ಕಿಕ್ ಸರಿಯಾಗಿ ಕೂತಿತ್ತು. ಆಮೇಲೆ ‘ಡಬ್’ ಅನ್ನಬೇಕಾದ ಕಡೆ ‘ಡಬಡಬ್’ ಶುರುವಾಯಿತು. ಪ್ಲ್ಯಾಟರ್ ಸ್ವಲ್ಪ ತಳ್ಳಿದಿರಿ, ಸರಿಹೋಯಿತು. ಅರ್ಧ ನಿಮಿಷ ಕಳೆದರೆ ಮತ್ತೆ ಅದೇ ಕಥೆ. ರೇನ್ ಒನ್ ಇರಲಿ, ಡಿಡಿಜೆ-ರೆವ್7 ಇರಲಿ, ಹಳೆಯ ನ್ಯೂಮಾರ್ಕ್ ಎನ್‌ಎಸ್7 ಇರಲಿ, ಮೋಟರೈಸ್ಡ್ ಕಂಟ್ರೋಲರ್ ಅಂದರೆ ಹೀಗೇ ಅಂತ ಒಪ್ಪಿಕೊಂಡು ಕೂರಬೇಡಿ. ಟೆಂಪೋ ಸುಮ್ಮನೆ ಜಾರುವುದಿಲ್ಲ. ಇವತ್ತೇ ಒಂದು ಗಂಟೆ ಬಿಡುವು ಮಾಡಿಕೊಂಡು ಕಾರಣ ಹಿಡಿಯಿರಿ.

1. ಅನುಮಾನ ಬಿಡಿ, ಲೆಕ್ಕ ಹಾಕಿ

‘ನನ್ನ ಕಿವಿಯೇ ಸರಿಯಿಲ್ಲವೇನೋ’ ಅನ್ನುವುದು ಹೊಸ ಡಿಜೆಗಳ ದೊಡ್ಡ ಕೆಟ್ಟ ಅಭ್ಯಾಸ. ಅದನ್ನು ಮುರಿಯುವುದಕ್ಕೆ ಒಂದು ಲೆಕ್ಕ ಸಾಕು. ಎರಡು ಡೆಕ್‌ಗಳ ವೇಗದಲ್ಲಿ ಶೇ. 0.1ರಷ್ಟು ವ್ಯತ್ಯಾಸವಿದ್ದರೆ ಒಂದು ನಿಮಿಷಕ್ಕೆ 60 ಮಿಲಿಸೆಕೆಂಡ್ ಅಂತರ ಬೀಳುತ್ತದೆ. 120 ಬಿಪಿಎಂನಲ್ಲಿ ಹದಿನಾರು ಬಾರ್ ಅಂದರೆ 32 ಸೆಕೆಂಡ್. ಅಷ್ಟರಲ್ಲಿ 32 ಮಿಲಿಸೆಕೆಂಡ್ ಹೋಯಿತು, ಒಂದು ಕಿಕ್ ಎರಡಾಗಿ ಕೇಳಲು ಅಷ್ಟು ಸಾಕು. ಪರದೆಯ ಮೇಲೆ ಆ ಶೇ. 0.1 ಅಂದರೆ 120ರ ಬದಲು 120.12. ದಶಮಾಂಶ ತೋರಿಸದ ಡಿಸ್‌ಪ್ಲೇಯಲ್ಲಿ ಅದು ಕಾಣುವುದೇ ಇಲ್ಲ. ನಿಮ್ಮ ಕಿವಿ ಸರಿಯಾಗಿಯೇ ಇದೆ. ಡಿಸ್‌ಪ್ಲೇಯಲ್ಲಿ ಎರಡು ದಶಮಾಂಶ ಆನ್ ಮಾಡಿ.

2. ತಳ್ಳಬೇಡಿ, ಜಾರುವ ರೀತಿ ನೋಡಿ

ಪ್ರತಿ ಸಲ ತಳ್ಳಿ ಸರಿಮಾಡುವುದು ಜ್ವರಕ್ಕೆ ಮಾತ್ರೆ ನುಂಗಿ ರಕ್ತ ಪರೀಕ್ಷೆ ಮುಂದೂಡಿದ ಹಾಗೆ. ಶೋನಲ್ಲಿ ತಳ್ಳಿ, ತಪ್ಪಿಲ್ಲ. ಮನೆಯಲ್ಲಿ ಮಾತ್ರ ಕೈ ಕಟ್ಟಿ ಕೂತು ಕೇಳಿ. ಜಾರುವಿಕೆ ಮೂರು ರೀತಿಯದು.

ಒಂದೇ ದಿಕ್ಕಿನಲ್ಲಿ ಸಮನಾಗಿ ಜಾರುತ್ತಾ ಹೋದರೆ ಎಲ್ಲೋ ಸರಾಸರಿ ವೇಗವೇ ತಪ್ಪಿದೆ: ಮೋಟರ್, ಪಿಚ್ ಫೇಡರ್, ಬೀಟ್‌ಗ್ರಿಡ್ ಅಥವಾ ಸೌಂಡ್ ಕಾರ್ಡ್‌ನ ಕ್ಲಾಕ್. ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋದರೆ ಅದು ತಿರುಗುವ ಭಾಗದ ದೋಷ. 33⅓ ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 1.8 ಸೆಕೆಂಡ್, ಅಂದರೆ 120 ಬಿಪಿಎಂ ಹಾಡಿನಲ್ಲಿ 3.6 ಬೀಟ್. ಆ ಓಲಾಟ ಹಾಡಿನ ನಾಲ್ಕರ ಎಣಿಕೆಗೆ ಕೂರುವುದಿಲ್ಲ, ಅದೇ ಅದರ ಗುರುತು. ಇನ್ನು ಎರಡು ನಿಮಿಷ ಚೆನ್ನಾಗಿದ್ದು ಒಮ್ಮೆಲೇ ಹಾರಿದರೆ ಮೋಟರ್ ಮೇಲೆ ತಪ್ಪು ಹೊರಿಸಬೇಡಿ. ಆಡಿಯೊ ಡ್ರಾಪ್‌ಔಟ್, ಯುಎಸ್‌ಬಿ ತೊಂದರೆ, ಇಲ್ಲವೇ ತಪ್ಪಾಗಿ ಓದುತ್ತಿರುವ ಟಚ್ ಸೆನ್ಸರ್ ಇರಬಹುದು.

ಈ ಮೂರರಲ್ಲಿ ನಿಮ್ಮದು ಯಾವುದು ಅಂತ ತೀರ್ಮಾನಿಸದೆ ಸ್ಕ್ರೂ ಡ್ರೈವರ್ ಕೈಗೆ ತಗೋಬೇಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ.

3. ಒಂದೇ ಹಾಡನ್ನು ಎರಡೂ ಡೆಕ್‌ಗೆ ಹಾಕಿ

ಸಿಂಕ್ ಆಫ್. ಕೀಲಾಕ್ ಆಫ್. ಎರಡೂ ಪಿಚ್ ಸೊನ್ನೆಗೆ. ಒಂದೇ ಫೈಲ್, ಒಂದೇ ಕ್ಯೂ ಪಾಯಿಂಟ್. ಒಟ್ಟಿಗೆ ಶುರು ಮಾಡಿ, ಐದು ನಿಮಿಷ ಮುಟ್ಟದೆ ಬಿಡಿ. ಮಾಸ್ಟರ್ ಔಟ್‌ಪುಟ್ ರೆಕಾರ್ಡ್ ಮಾಡಿ ಆಡಾಸಿಟಿಯಲ್ಲಿ ತೆರೆದು ಶುರುವಿನ ಕಿಕ್‌ಗಳ ಅಂತರವನ್ನೂ ಕೊನೆಯ ಕಿಕ್‌ಗಳ ಅಂತರವನ್ನೂ ಅಳೆಯಿರಿ. ಕೈಯಲ್ಲಿ ಶುರು ಮಾಡಿದಾಗ ಮೊದಲೇ ಸ್ವಲ್ಪ ಅಂತರವಿರುತ್ತದೆ, ಅದು ಲೆಕ್ಕಕ್ಕಿಲ್ಲ. ಐದು ನಿಮಿಷದಲ್ಲಿ ಅಂತರ 300 ಮಿಲಿಸೆಕೆಂಡ್ ಬೆಳೆದಿದ್ದರೆ ತಪ್ಪು ಶೇ. 0.1.

ಇಲ್ಲಿ ಅಂತರ ಬೆಳೆಯಲೇ ಇಲ್ಲವೆ? ನಿಮ್ಮ ಯಂತ್ರ ಚೆನ್ನಾಗಿದೆ, ನೇರವಾಗಿ 8ನೇ ಸೂತ್ರಕ್ಕೆ ಹೋಗಿ.

4. ಮೋಟರ್ ಆಫ್ ಮಾಡಿ ಅದೇ ಪರೀಕ್ಷೆ ಮತ್ತೆ ಮಾಡಿ

ಮೋಟರ್ ಆಫ್ ಬಟನ್ ಇರುವ ಕಂಟ್ರೋಲರ್‌ನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ರೇನ್ ಟ್ವೆಲ್ವ್‌ನಂಥ ಯಂತ್ರದಲ್ಲಿ ಸೆನ್ಸರ್ ಒಂದು ಸುತ್ತಿಗೆ 3600 ಟಿಕ್ ಕಳಿಸುತ್ತದೆ. 33⅓ ವೇಗದಲ್ಲಿ ಅದು ಸೆಕೆಂಡಿಗೆ 2000 ಟಿಕ್. ಸಾಫ್ಟ್‌ವೇರ್ ಆ ಟಿಕ್‌ಗಳನ್ನು ಹಿಂಬಾಲಿಸಿ ಹಾಡು ಓಡಿಸುವಾಗ ಮೋಟರ್‌ನ ತಪ್ಪು ನೇರವಾಗಿ ಹಾಡಿನ ತಪ್ಪಾಗುತ್ತದೆ. ಮೋಟರ್ ನಿಲ್ಲಿಸಿದರೆ ಸಾಫ್ಟ್‌ವೇರ್ ತನ್ನದೇ ಕ್ಲಾಕ್ ಮೇಲೆ ನುಡಿಸುತ್ತದೆ. ಆಗ ಜಾರುವಿಕೆ ಮಾಯವಾದರೆ ಅಪರಾಧಿ ಪ್ಲ್ಯಾಟರ್ ಕಡೆ ಇದ್ದಾನೆ. ಮಾಯವಾಗದಿದ್ದರೆ ಪ್ಲ್ಯಾಟರ್ ಬಿಚ್ಚುವ ಯೋಚನೆಯನ್ನೇ ಬಿಡಿ.

5. ನಿಜವಾದ ವೇಗ ಅಳೆಯಿರಿ

ಮೋಟರ್ ಮತ್ತೆ ಆನ್ ಮಾಡಿ. ಪ್ಲ್ಯಾಟರ್ ಅಂಚಿಗೆ ಒಂದು ಚೂರು ಬಿಳಿ ಟೇಪ್ ಅಂಟಿಸಿ, ಮೊಬೈಲ್‌ನಲ್ಲಿ ಮೂರು ನಿಮಿಷ ವಿಡಿಯೊ ತೆಗೆಯಿರಿ. 33⅓ರಲ್ಲಿ ಸರಿಯಾಗಿ 100 ಸುತ್ತು ಬರಬೇಕು, 45ರಲ್ಲಿ 135. ಒಂದು ಸುತ್ತು ಕಡಿಮೆಯಾದರೆ ತಪ್ಪು ಶೇ. 1, ಅದು ದೊಡ್ಡ ಕಾಯಿಲೆ. ವಿಡಿಯೊ ನಿಲ್ಲಿಸಿ ನೋಡಿದರೆ ಕಾಲು ಸುತ್ತಿನ ವ್ಯತ್ಯಾಸವೂ ತಿಳಿಯುತ್ತದೆ. ಇನ್ನೂ ಸೂಕ್ಷ್ಮ ಬೇಕಾದರೆ 3150 ಹರ್ಟ್ಜ್ ಟೋನ್ ಫೈಲ್ ನುಡಿಸಿ ಫ್ರೀಕ್ವೆನ್ಸಿ ತೋರಿಸುವ ಆ್ಯಪ್ ಹಿಡಿಯಿರಿ. ಅಲ್ಲಿ 3 ಹರ್ಟ್ಜ್ ಅಂದರೆ ಸುಮಾರು ಶೇ. 0.1. ಕೀಲಾಕ್ ಆಫ್ ಇರಲೇಬೇಕು, ಇಲ್ಲದಿದ್ದರೆ ಸಾಫ್ಟ್‌ವೇರ್ ಸ್ವರವನ್ನು ಸರಿಪಡಿಸಿ ತಪ್ಪನ್ನು ಮುಚ್ಚಿಬಿಡುತ್ತದೆ.

ಸ್ಟ್ರೋಬ್ ಡಿಸ್ಕ್ ಪ್ರಿಂಟ್ ಮಾಡುವವರು ಇದನ್ನು ಗಮನಿಸಿ. ನಮ್ಮ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 33⅓ಕ್ಕೆ 180 ಗೆರೆಯ ಡಿಸ್ಕ್ ಬೇಕು. ಅಮೆರಿಕದ 60 ಹರ್ಟ್ಜ್‌ಗೆ ಮಾಡಿದ 216 ಗೆರೆಯ ಡಿಸ್ಕ್ ಇಳಿಸಿಕೊಂಡು ‘ನನ್ನ ಪ್ಲ್ಯಾಟರ್ ಓಡ್ತಾ ಇದೆ’ ಅಂತ ಗಾಬರಿಯಾಗುವುದು ಬೇಡ. ಎಷ್ಟೋ ಎಲ್‌ಇಡಿ ಬಲ್ಬ್‌ಗಳು ಕರೆಂಟ್ ಜೊತೆ ಸರಿಯಾಗಿ ಮಿನುಗುವುದೂ ಇಲ್ಲ. ನಾನಾದರೆ ಟೇಪ್ ಚೂರನ್ನೇ ನಂಬುತ್ತೇನೆ.

ಗುರಿ ಎಷ್ಟಿರಬೇಕು? 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ಎಂಕೆ2 ಟರ್ನ್‌ಟೇಬಲ್ ತನ್ನ ಡೈರೆಕ್ಟ್ ಡ್ರೈವ್ ಮೋಟರನ್ನು ಕ್ವಾರ್ಟ್ಜ್ ಹರಳಿನ ಕಂಪನಕ್ಕೆ ಕಟ್ಟಿಹಾಕಿತು. ಅದರ ವಾವ್-ಫ್ಲಟರ್, ಅಂದರೆ ವೇಗದ ಓಲಾಟ, ಕಂಪನಿ ಕೊಟ್ಟ ಲೆಕ್ಕದಲ್ಲಿ ಶೇ. 0.025. ಡಿಜೆ ಲೋಕ ಇವತ್ತಿಗೂ ಅದನ್ನೇ ಅಳತೆಗೋಲು ಮಾಡಿಕೊಂಡಿದೆ. ನೀವೂ ಅದಕ್ಕಿಂತ ಸಡಿಲವಾದ ಗುರಿ ಇಟ್ಟುಕೊಳ್ಳಬೇಡಿ.

6. ಸ್ಲಿಪ್‌ಮ್ಯಾಟ್ ಎತ್ತಿ ನೋಡಿ

ವಿನೈಲ್ ಬೇರೆಯಾಗಿ ಕೂರುವ ಮಾದರಿಗಳಲ್ಲಿ ಮೋಟರ್ ತಿರುಗಿಸುವುದು ಕೆಳಗಿನ ಪ್ಲ್ಯಾಟರನ್ನು, ಸೆನ್ಸರ್ ಓದುವುದು ಮೇಲಿನ ವಿನೈಲನ್ನು. ನಡುವೆ ಇರುವುದು ಬರೀ ಘರ್ಷಣೆ. ಸ್ಕ್ರಾಚ್ ಸಲೀಸಾಗಲಿ ಅಂತ ಮ್ಯಾಟ್ ತೀರಾ ಜಾರುವಂತೆ ಮಾಡಿಕೊಂಡಿದ್ದರೆ, ಕೈ ಮುಟ್ಟದಿದ್ದಾಗಲೂ ವಿನೈಲ್ ಕೊಂಚ ಹಿಂದೆ ಬೀಳುತ್ತದೆ. ಪ್ಲ್ಯಾಟರ್‌ಗೊಂದು, ವಿನೈಲ್‌ಗೊಂದು ಟೇಪ್ ಅಂಟಿಸಿ ಒಂದೇ ಗೆರೆಗೆ ತನ್ನಿ. ಎರಡು ನಿಮಿಷದ ಮೇಲೆ ಬೇರೆಯಾಗಿದ್ದರೆ ಉತ್ತರ ಸಿಕ್ಕಿತು: ದೂಳು ಒರೆಸಿ, ಕಂಪನಿಯ ಮೂಲ ಮ್ಯಾಟ್ ವಾಪಸ್ ಹಾಕಿ, ವಿನೈಲ್ ನಡುವಿನ ಬಿಗಿ ಸರಿಯಾಗಿದೆಯೇ ನೋಡಿ. ಟಾರ್ಕ್ ಸೆಟ್ಟಿಂಗ್ ಇದ್ದರೆ ಹೈಗೆ ಹಾಕಿ ಮತ್ತೆ ಅಳೆಯಿರಿ. ವಿನೈಲ್ ಅಂಚು ಎಲ್ಲಿಯಾದರೂ ಕಂಟ್ರೋಲರ್ ಮೈಗೆ ತಾಗುತ್ತಿದ್ದರೆ ಅದು 1.8 ಸೆಕೆಂಡಿಗೊಮ್ಮೆ ಬ್ರೇಕ್ ಹಾಕುತ್ತಿರುತ್ತದೆ.

7. ಫೇಡರ್‌ಗೆ ಬ್ರಷ್ ಹಾಕಿ, 33-45 ಬಟನ್ ನೋಡಿ

ಫೇಡರ್ ಮುಟ್ಟದೆ ಡಿಸ್‌ಪ್ಲೇ ಅಂಕಿ ಕುಣಿಯುತ್ತಿದ್ದರೆ ಒಳಗೆ ದೂಳಿದೆ. ಬ್ರಷ್ ಹಾಕಿ, ಫೇಡರ್‌ಗೆಂದೇ ಮಾಡಿದ ಕ್ಲೀನರ್ ಒಂದೇ ಹನಿ ಸಾಕು. ಹಳೆಯ ಮ್ಯಾಪಿಂಗ್ ಫೈಲ್ ಬಳಸುತ್ತಿದ್ದರೆ ಫೇಡರ್ 7 ಬಿಟ್‌ನಲ್ಲಿ ಓದುತ್ತಿದೆಯೇ ನೋಡಿ. 7 ಬಿಟ್ ಅಂದರೆ ಬರೀ 128 ಮೆಟ್ಟಿಲು. ಶೇ. ±8 ರೇಂಜ್‌ನಲ್ಲಿ ಒಂದೊಂದು ಮೆಟ್ಟಿಲು ಸುಮಾರು ಶೇ. 0.126. ಅದರಲ್ಲಿ ಬೀಟ್‌ಮ್ಯಾಚ್ ಸಾಧ್ಯವೇ ಇಲ್ಲ, ನೀವು ಎಷ್ಟೇ ಪ್ರಾಕ್ಟೀಸ್ ಮಾಡಿ. 14 ಬಿಟ್‌ನಲ್ಲಿ 16,384 ಮೆಟ್ಟಿಲು ಸಿಗುತ್ತವೆ.

ಯಂತ್ರ 45ರಲ್ಲಿ, ಸಾಫ್ಟ್‌ವೇರ್ 33ರಲ್ಲಿ ಇದ್ದರೆ ಹಾಡು ಶೇ. 35 ವೇಗ. ಅದನ್ನು ಡ್ರಿಫ್ಟ್ ಅನ್ನಬೇಡಿ, ಬಟನ್ ಒತ್ತಿ.

8. ಬೀಟ್‌ಗ್ರಿಡ್ ನಂಬುವ ಮೊದಲು ಹಾಡಿನ ಕೊನೆ ನೋಡಿ

ಒಂದೇ ಹಾಡಿನ ಪರೀಕ್ಷೆ ಪಾಸಾಗಿ, ಬೇರೆ ಬೇರೆ ಹಾಡು ಹಾಕಿದಾಗ ಮಾತ್ರ ಜಾರಿದರೆ ತಪ್ಪು ಲೈಬ್ರರಿಯಲ್ಲಿದೆ. ಕ್ಲಿಕ್ ಟ್ರ್ಯಾಕ್ ಇಲ್ಲದೆ ನುಡಿಸಿದ ಹಾಡಿಗೆ ಒಂದೇ ಬಿಪಿಎಂ ಇರುವುದಿಲ್ಲ. ಕಾಲೇಜ್ ಫೆಸ್ಟ್‌ನಲ್ಲಿ, ಮದುವೆ ಮನೆಯಲ್ಲಿ 70ರ ದಶಕದ ರಾಜನ್-ನಾಗೇಂದ್ರ ಹಾಡಿಗೆ ಹೌಸ್ ಬೀಟ್ ಸೇರಿಸುವವರಿಗೆ ಇದು ದಿನನಿತ್ಯದ ತಲೆನೋವು. ಅಲ್ಲಿ ನುಡಿಸಿದ್ದು ಮನುಷ್ಯರು. ಪಲ್ಲವಿಯಲ್ಲಿ ಇದ್ದ ವೇಗ ಚರಣದಲ್ಲೂ ಇರಬೇಕೆಂಬ ನಿಯಮ ಅವರಿಗಿರಲಿಲ್ಲ, ಹಾಡಿನ ಸೊಗಸು ಇರುವುದೂ ಅಲ್ಲೇ. ಸಾಫ್ಟ್‌ವೇರ್ ಮಾತ್ರ ಸರಾಸರಿ ತೆಗೆದು 104.3 ಅಂತ ಒಂದು ಅಂಕಿ ಬರೆದು ಕೂರುತ್ತದೆ.

ಕೊನೆಯ ಚರಣಕ್ಕೆ ಹೋಗಿ ಗ್ರಿಡ್ ಗೆರೆ ತಬಲಾ ಪೆಟ್ಟಿನ ಮೇಲೆ ಕೂತಿದೆಯೇ ನೋಡಿ. ಕೂತಿಲ್ಲದಿದ್ದರೆ ಗ್ರಿಡ್ ಅಲ್ಲಲ್ಲಿ ಕೈಯಿಂದ ಕೂರಿಸಿ. ಇನ್ನೂ ಒಳ್ಳೆಯದು, ನಿಮಗೆ ಬೇಕಾದ ಎಂಟು ಬಾರ್ ಲೂಪ್ ಮಾಡಿಕೊಂಡು ಅದನ್ನೇ ಬಳಸಿ. ಸಿಂಕ್ ಬಟನ್ ಇಲ್ಲಿ ನಿಮ್ಮನ್ನು ಉಳಿಸುವುದಿಲ್ಲ. ತಪ್ಪು ಗ್ರಿಡ್ಡನ್ನು ಅದು ನಿಷ್ಠೆಯಿಂದ ಪಾಲಿಸುತ್ತದೆ.

9. ಯುಎಸ್‌ಬಿ ಹಬ್ ಕಿತ್ತು ಹಾಕಿ, ಒಂದೇ ಸೌಂಡ್ ಕಾರ್ಡ್ ಇಡಿ

ಕಂಟ್ರೋಲರನ್ನು ಲ್ಯಾಪ್‌ಟಾಪ್‌ಗೆ ನೇರವಾಗಿ ಚುಚ್ಚಿ. ಎರಡು ಸೌಂಡ್ ಕಾರ್ಡ್‌ಗೆ ಒಂದೊಂದು ಡೆಕ್ ಕೊಡಬೇಡಿ, ಪ್ರತಿಯೊಂದಕ್ಕೂ ತನ್ನದೇ ಕ್ಲಾಕ್ ಇರುತ್ತದೆ. ದಶಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್. ಒಂದು ಹಾಡಿನಲ್ಲಿ ತಿಳಿಯದು, ಒಂದು ಗಂಟೆಯ ರೆಕಾರ್ಡಿಂಗ್‌ನಲ್ಲಿ ಚೆನ್ನಾಗಿಯೇ ತಿಳಿಯುತ್ತದೆ.

ಜನರೇಟರ್ ಮೇಲೆ ಶೋ ಮಾಡುವವರು ಫ್ರೀಕ್ವೆನ್ಸಿಗೆ ಹೆದರಬೇಕಿಲ್ಲ. ಇಂದಿನ ಕಂಟ್ರೋಲರ್‌ಗಳ ಮೋಟರ್ ಓಡುವುದು ಡಿಸಿಯಲ್ಲಿ. ವೋಲ್ಟೇಜ್ ಕುಸಿತಕ್ಕೆ ಹೆದರಿ, ಯುಪಿಎಸ್ ಇಡಿ. ಅಡಾಪ್ಟರ್ ಇರುವ ಮಾದರಿಯಾದರೆ ಮೂಲ ಅಡಾಪ್ಟರನ್ನೇ ಬಳಸಿ.

10. ಸರ್ವೀಸ್ ಸೆಂಟರ್‌ಗೆ ಅಂಕಿ ಸಮೇತ ಹೋಗಿ

‘ಸ್ವಲ್ಪ ಸ್ಲೋ ಆಗ್ತಿದೆ ಸರ್’ ಅಂದರೆ ಕೌಂಟರಿನವರು ಆನ್ ಮಾಡಿ, ತಿರುಗುತ್ತಿದೆ ನೋಡಿ ಅಂತ ವಾಪಸ್ ಕೊಡುತ್ತಾರೆ. ಅವರ ತಪ್ಪೇನೂ ಇಲ್ಲ. ಕಣ್ಣಿಗೆ ಶೇ. 0.3 ಕಾಣುವುದಿಲ್ಲ. ಹೀಗೆ ಬರೆದು ಕೊಡಿ: ‘ಎಡ ಡೆಕ್, 33⅓, ಪಿಚ್ ಸೊನ್ನೆ, ಐದು ನಿಮಿಷದಲ್ಲಿ 900 ಮಿಲಿಸೆಕೆಂಡ್ ಹಿಂದೆ, ಮೋಟರ್ ಆಫ್ ಮಾಡಿದರೆ ಇಲ್ಲ, ಮ್ಯಾಟ್ ಬದಲಾಯಿಸಿದರೂ ಇದೆ, ಫರ್ಮ್‌ವೇರ್ ಹೊಸದು.’ ಜೊತೆಗೆ ಮೂರು ನಿಮಿಷದ ವಿಡಿಯೊ ಕೊಡಿ. ವಾರಂಟಿ ಮುಗಿಯುವ ಮೊದಲೇ ಹೋಗಿ, ಕೊಟ್ಟ ಕಾಗದದ ಮೇಲೆ ತಾರೀಖು ಹಾಕಿದ ರಸೀದಿ ಕೇಳಿ ಪಡೆಯಿರಿ.